ತ್ರಯೇಕ ದೇವರ ಬಗ್ಗೆ ಸೆಮಿನರಿ ವಿದ್ಯಾರ್ಥಿಗಳನ್ನು ಸಮೀಕ್ಷೆಯಲ್ಲಿ ಕೇಳುವುದು ಹೇಗೆ?

"ಒಬ್ಬನೇ ದೇವರು ತಂದೆ, ಮಗ, ಪವಿತ್ರಾತ್ಮ ಎಂಬ ಮೂರು ವ್ಯಕ್ತಿಗಳಾಗಿದ್ದಾನೆಂದು ನಂಬುತ್ತೀರಾ?" ಎಂದು ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ, ಪಾದ್ರಿಗಳಾಗುವವರು ಓದುವ ಪದವಿ) ತರಗತಿಯಲ್ಲಿ ಕೇಳಿದರೆ ಹೆಚ್ಚುಕಡಿಮೆ ಎಲ್ಲರೂ ಹೌದು ಎನ್ನುತ್ತಾರೆ. ಪರೀಕ್ಷೆಯಲ್ಲಿ ಬರೆಯುವ ಉತ್ತರವೂ ಅದೇ. 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳ ವಿಶ್ವಾಸಪ್ರಮಾಣವನ್ನು ಬಾಯಿಪಾಠ ಮಾಡಿದವರನ್ನು ಅದೇ ಮಾತುಗಳಲ್ಲಿ ಕೇಳಿ ಪ್ರಯೋಜನವಿಲ್ಲ. ಅಮೆರಿಕದಲ್ಲಿ ಲಿಗೊನಿಯರ್ ಮಿನಿಸ್ಟ್ರೀಸ್ ಎಂಬ ಕ್ರೈಸ್ತ ಬೋಧನಾ ಸಂಸ್ಥೆ 2014ರಿಂದ ನಡೆಸುತ್ತಿರುವ ಸಮೀಕ್ಷೆಯಲ್ಲಿ ಬಹುಪಾಲು ಇವ್ಯಾಂಜೆಲಿಕಲ್ ವಿಶ್ವಾಸಿಗಳು ತ್ರಯೇಕತ್ವವನ್ನು ಒಪ್ಪಿದ್ದಾರೆ. "ಯೇಸು ದೇವರು ಸೃಷ್ಟಿಸಿದವರಲ್ಲಿ ಮೊದಲನೆಯವನು, ಎಲ್ಲರಿಗಿಂತ ದೊಡ್ಡವನು" ಎಂಬುದಕ್ಕೂ ಅವರಲ್ಲೇ ಬಹಳ ಜನ ತಲೆಯಾಡಿಸಿದ್ದಾರೆ! ನಿಮ್ಮ ಸಮೀಕ್ಷೆ ಹಿಡಿಯಬೇಕಾದದ್ದು ಇಂಥ ಬಿರುಕನ್ನು.

ಆದ್ದರಿಂದ ನೇರ ಪ್ರಶ್ನೆಯ ಬದಲು, ಒಪ್ಪುತ್ತೀರಾ ಇಲ್ಲವಾ ಎಂದು ಕೇಳುವ ಹೇಳಿಕೆಗಳನ್ನು ಕೊಡಿ. ಸಭೆಯ ಬೋಧನೆಗೆ ವಿರುದ್ಧವಾದವನ್ನು ಹಳೆಯ ತಪ್ಪುಬೋಧನೆಗಳಿಂದಲೇ ಕಟ್ಟಿ, ಆದರೆ ಅವುಗಳ ಹೆಸರು ಎಲ್ಲೂ ಕಾಣಿಸಬಾರದು. ಅರಿಯಸ್ (ಮಗನು ಸೃಷ್ಟಿಯಾದವನು ಎಂದವನು), ಸಬೆಲಿಯಸ್ (ಮೂವರೂ ಒಬ್ಬನದೇ ರೂಪ ಎಂದವನು) ಎಂಬ ಹೆಸರು ಕಂಡ ಕೂಡಲೇ ವಿದ್ಯಾರ್ಥಿ ನೋಟ್ಸ್ ನೆನಪಿಸಿಕೊಳ್ಳುತ್ತಾನೆ. ಹೀಗಿರಲಿ:

– ತಂದೆ ಇದ್ದು, ಮಗ ಇನ್ನೂ ಇಲ್ಲದ ಸ್ಥಿತಿ ಒಂದಿತ್ತು.
– ತಂದೆಯೇ ಮಗನಾಗಿ ಬಂದನು, ಈಗ ಆತ್ಮನಾಗಿ ನಮ್ಮೊಡನಿದ್ದಾನೆ.
– ಪವಿತ್ರಾತ್ಮನೆಂದರೆ ದೇವರ ಶಕ್ತಿ, ಬೇರೆ ವ್ಯಕ್ತಿಯಲ್ಲ.
– ಮೂವರೂ ಬೇರೆ ಬೇರೆ ದೇವರು, ಉದ್ದೇಶ ಮಾತ್ರ ಒಂದು.

ಒಟ್ಟು 12ರಿಂದ 15 ಹೇಳಿಕೆ ಸಾಕು. ಅರ್ಧದಷ್ಟು ಸಭೆಯ ಬೋಧನೆಗೆ ಹೊಂದುವಂತೆ, ಉಳಿದರ್ಧ ವಿರುದ್ಧವಾಗಿ ಇರಲಿ. ಇಲ್ಲದಿದ್ದರೆ ಎಲ್ಲಕ್ಕೂ "ಒಪ್ಪುತ್ತೇನೆ" ಎಂದು ಗೀಚಿಕೊಂಡು ಹೋಗುವವರು ಗೊತ್ತಾಗುವುದಿಲ್ಲ. ಉತ್ತರಕ್ಕೆ "ಪೂರ್ತಿ ಒಪ್ಪುತ್ತೇನೆ" ಎಂಬಲ್ಲಿಂದ "ಸ್ವಲ್ಪವೂ ಒಪ್ಪುವುದಿಲ್ಲ" ಎಂಬವರೆಗೆ ಐದು ಹಂತ ಕೊಡಿ. "ಗೊತ್ತಿಲ್ಲ" ಎಂಬುದು ಆರನೆಯ, ಪ್ರತ್ಯೇಕ ಆಯ್ಕೆಯಾಗಿರಲಿ. ನಡುವಿನ ಹಂತದೊಳಗೆ ಅದನ್ನು ಸೇರಿಸಿದರೆ ತಿಳಿಯದವನೂ ತೂಗಿ ನೋಡುತ್ತಿರುವವನೂ ಒಂದೇ ಲೆಕ್ಕಕ್ಕೆ ಬೀಳುತ್ತಾರೆ.

ಹೆಚ್ಚು ಎಡವಟ್ಟಾಗುವುದು "ಮಗನು ತಂದೆಗಿಂತ ಕಡಿಮೆ" ಎಂಬಂಥ ಹೇಳಿಕೆಯಲ್ಲಿ. ಯೋಹಾನ 14:28ರಲ್ಲಿ ಯೇಸುವೇ ತಂದೆಯು ತನಗಿಂತ ದೊಡ್ಡವನು ಎನ್ನುತ್ತಾನೆ. ಅದನ್ನು ನೆನೆದು "ಒಪ್ಪುತ್ತೇನೆ" ಎಂದವನು ಅವತಾರದ ದೀನತೆಯನ್ನು ಹೇಳುತ್ತಿರಬಹುದು, ದೈವತ್ವದಲ್ಲೇ ಅಂತಸ್ತು ಮಾಡುತ್ತಿರಲೂಬಹುದು. ಎರಡು ಹೇಳಿಕೆ ಮಾಡಿ: "ಮನುಷ್ಯನಾಗಿ ಬಂದ ಮೇಲೆ ಮಗನು ತಂದೆಗೆ ವಿಧೇಯನಾಗಿದ್ದನು" ಎಂಬುದೊಂದು, "ಅನಾದಿಯಿಂದಲೂ ಮಗನ ದೈವತ್ವ ತಂದೆಯದಕ್ಕಿಂತ ಕಡಿಮೆ" ಎಂಬುದಿನ್ನೊಂದು. ಹಾಗೆಯೇ "ಆತ್ಮನು ತಂದೆಯಿಂದಲೂ ಮಗನಿಂದಲೂ ಹೊರಡುತ್ತಾನೆ" ಎಂಬುದಕ್ಕೆ ಸರಿ-ತಪ್ಪಿನ ಅಂಕ ಹಾಕಬೇಡಿ. ಕ್ಯಾಥೋಲಿಕರೂ ಹೆಚ್ಚಿನ ಪ್ರೊಟೆಸ್ಟೆಂಟರೂ ಒಪ್ಪುವ ಈ ಮಾತನ್ನು ಆರ್ಥೊಡಾಕ್ಸ್ ಸಭೆಗಳು ಒಪ್ಪುವುದಿಲ್ಲ. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜಿನಂಥ ಕಡೆ ಹಲವು ಸಭೆಗಳವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಸಭೆ ಯಾವುದೆಂದು ಕೇಳದೆ ಈ ಹೇಳಿಕೆಯನ್ನು ಓದಲಾಗದು.

ಕೊನೆಯಲ್ಲಿ ಒಂದೇ ಒಂದು ಬರೆಯುವ ಪ್ರಶ್ನೆ: "ಹತ್ತು ವರ್ಷದ ಸಂಡೇಸ್ಕೂಲ್ ಮಗುವಿಗೆ ತ್ರಯೇಕ ದೇವರನ್ನು ಮೂರು ವಾಕ್ಯದಲ್ಲಿ ವಿವರಿಸಿ." ಇಡೀ ಫಾರ್ಮಿನಲ್ಲಿ ಅತಿ ಹೆಚ್ಚು ತಿಳಿಸುವುದು ಇದೇ. ನೀರು-ಮಂಜುಗಡ್ಡೆ-ಹಬೆ ಎಂದು ಬರೆದರೆ ಒಬ್ಬನೇ ಮೂರು ವೇಷ ಹಾಕಿದಂತೆ. ಒಂದು ತ್ರಿಕೋನದ ಮೂರು ಬದಿ ಎಂದರೆ ದೇವರನ್ನು ಮೂರು ಪಾಲು ಮಾಡಿದಂತೆ. ತ್ರಿಮೂರ್ತಿ ಹೋಲಿಕೆಯೂ ಬರಬಹುದು. ಸಚ್ಚಿದಾನಂದ ಎಂದು ಬರೆದವರನ್ನು ಮಾತ್ರ ಅವಸರದಲ್ಲಿ "ತಪ್ಪು" ಎನ್ನಬೇಡಿ. ಬಂಗಾಳದ ಕ್ಯಾಥೋಲಿಕ್ ಚಿಂತಕ ಬ್ರಹ್ಮಬಾಂಧವ ಉಪಾಧ್ಯಾಯರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಆ ಹೆಸರಿನಲ್ಲಿ ತ್ರಯೇಕ ದೇವರನ್ನು ಹಾಡಿದ್ದಾರೆ. ಪ್ರತಿ ಬಗೆಯ ಉತ್ತರಕ್ಕೂ ಒಂದು ಸಂಕೇತ (ಗುರುತು) ಇಟ್ಟು, ಸಚ್ಚಿದಾನಂದಕ್ಕೆ ಬೇರೆಯದೇ ಸಂಕೇತ ಕೊಡಿ. ಇಬ್ಬರು ಪ್ರತ್ಯೇಕವಾಗಿ ಸಂಕೇತ ಹಾಕಿ, ಆಮೇಲೆ ತಾಳೆ ನೋಡಲಿ. ಕೊಹೆನ್ ಕಪ್ಪಾ (ಇಬ್ಬರ ಸಂಕೇತಗಳು ಎಷ್ಟು ಹೊಂದುತ್ತವೆಂದು ತೋರಿಸುವ ಅಂಕ, 1 ಎಂದರೆ ಪೂರ್ತಿ ಹೊಂದಾಣಿಕೆ) 0.7ಕ್ಕಿಂತ ಕಡಿಮೆ ಬಂದರೆ ಸಂಕೇತಗಳ ವಿವರಣೆಯೇ ಅಸ್ಪಷ್ಟ ಎಂದು ತಿಳಿದು ತಿದ್ದಿ.

ಭಾಷೆ: ಕನ್ನಡ, ಇಂಗ್ಲಿಷ್ ಎರಡು ಫಾರ್ಮ್, ಒಂದೇ ಕ್ರಮ. ಕ್ಯಾಥೋಲಿಕ್ ಸೆಮಿನರಿಗೆ ಹೋಗುವ ಪ್ರತಿಯಲ್ಲಿ ತಂದೆ-ಮಗ ಬದಲು ಪಿತ-ಸುತ ಬಳಸಿ. ಆರೆಂಟು ಜನರಿಗೆ ಮೊದಲು ಕೊಟ್ಟು, ಪ್ರತಿ ಹೇಳಿಕೆಯನ್ನು ಅವರದೇ ಮಾತಿನಲ್ಲಿ ಹೇಳಿಸಿ ನೋಡಿ.

ಎಷ್ಟು ಜನರನ್ನು ಕೇಳಬೇಕು? ಕಾಲೇಜಿನಲ್ಲಿ 120 ಜನರಿದ್ದರೆ, ಶೇ. 95 ವಿಶ್ವಾಸಮಟ್ಟದಲ್ಲಿ ಶೇ. 5ರ ದೋಷದೊಳಗೆ ನಿಲ್ಲಲು 92 ಜನ ಬೇಕು. ಅಷ್ಟಕ್ಕೆ ಚೀಟಿ ಎತ್ತುವ ಗೋಜಿಗೆ ಹೋಗದೆ ಎಲ್ಲರನ್ನೂ ಕೇಳಿಬಿಡಿ. "ಯಾವ ವರ್ಷ?" ಎಂದಷ್ಟೇ ಕೇಳಿ ಮಂಗಳೂರಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜನ್ನೂ ಅಲ್ಲಿನ ಕ್ಯಾಥೋಲಿಕರ ಜೆಪ್ಪು ಸೆಮಿನರಿಯನ್ನೂ ಹೋಲಿಸಲು ಹೊರಟರೆ ಲೆಕ್ಕ ತಪ್ಪುತ್ತದೆ: ಕ್ಯಾಥೋಲಿಕ್ ವ್ಯವಸ್ಥೆಯಲ್ಲಿ ತತ್ತ್ವಶಾಸ್ತ್ರ ಓದಿದ ಮೇಲೆ ಥಿಯಾಲಜಿಯ ಮೊದಲ ವರ್ಷ ಬರುತ್ತದೆ. ಬಿ.ಡಿ.ಗೆ ಬಂದವರಲ್ಲಿಯೂ ಕೆಲವರು ಬಿ.ಟಿಎಚ್. (ಬ್ಯಾಚುಲರ್ ಆಫ್ ಥಿಯಾಲಜಿ) ಮುಗಿಸಿರುತ್ತಾರೆ. ಒಟ್ಟು ಎಷ್ಟು ವರ್ಷ ಓದಿದ್ದಾರೆಂದು ಕೇಳಿ.

ಇನ್ನು ಭಯದ ವಿಚಾರ. ಬಹಳಷ್ಟು ವಿದ್ಯಾರ್ಥಿಗಳನ್ನು ಅವರ ಸಭೆಯೇ ಕಳಿಸಿರುತ್ತದೆ, ಮುಂದೆ ದೀಕ್ಷೆ ಕೊಡುವವರೂ ಅವರೇ. ಅನುಮಾನವನ್ನು ಕಾಗದದಲ್ಲಿ ಬರೆಯಲು ಯಾರಿಗೂ ಧೈರ್ಯ ಬರದು. ಪ್ರಿನ್ಸಿಪಾಲರ ಲಿಖಿತ ಅನುಮತಿ ಪಡೆಯಿರಿ, ಆದರೆ ಫಾರ್ಮ್ ಹಂಚುವಾಗ ಯಾವ ಅಧ್ಯಾಪಕರೂ ಕೋಣೆಯಲ್ಲಿ ಇರಬಾರದು. ಗೂಗಲ್ ಫಾರ್ಮ್ ಆದರೆ ಇಮೇಲ್ ಸಂಗ್ರಹ ಆಫ್ ಮಾಡಿ. "ಒಬ್ಬರಿಗೆ ಒಂದೇ ಉತ್ತರ" ಎಂಬುದನ್ನು ಆನ್ ಮಾಡಿದರೆ ಲಾಗಿನ್ ಕೇಳುತ್ತದೆ, ಅಲ್ಲಿಗೆ ನಂಬಿಕೆ ಹೋಯಿತು. ಕಾಗದವೂ ಬೀಗ ಹಾಕಿದ ಡಬ್ಬವೂ ಇದಕ್ಕಿಂತ ವಾಸಿ. ಪರೀಕ್ಷೆಯ ವಾರ ಬೇಡ. ಪೆಂತೆಕೋಸ್ತಿನ ನಂತರದ ತ್ರಯೇಕ ಭಾನುವಾರದ ಆಸುಪಾಸೂ ಬೇಡ, ಆಗಷ್ಟೇ ಕೇಳಿದ ಪ್ರಸಂಗವೇ ಉತ್ತರವಾಗಿ ಬರುತ್ತದೆ.

ವರದಿಯ ಕೋಷ್ಟಕದಲ್ಲಿ ಐದಕ್ಕಿಂತ ಕಡಿಮೆ ಜನರಿರುವ ಗುಂಪನ್ನು ತೋರಿಸಬೇಡಿ. "ಮೂರನೆಯ ವರ್ಷ, ಮಹಿಳೆ, ಆರ್ಥೊಡಾಕ್ಸ್" ಎಂದರೆ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಗೊತ್ತು ಅದು ಯಾರೆಂದು. ಪಕ್ಕದ ಗುಂಪಿಗೆ ಸೇರಿಸಿ, ಒಟ್ಟು ಮೊತ್ತದಿಂದ ಕಳೆದು ಕಂಡುಹಿಡಿಯಲು ಆಗದಂತೆಯೂ ನೋಡಿಕೊಳ್ಳಿ.