ಮೂರು ಪೆನ್ ಸಾಕು ಅಂದಿದ್ದೆ: ಊಟದ ಇನ್ಸುಲಿನ್ನಿನ ತಿಂಗಳ ಲೆಕ್ಕ

ಔಷಧಿ ಅಂಗಡಿಯ ಕೆಲಸಕ್ಕೆ ಸೇರಿದ ಹೊಸತು. ಒಬ್ಬರ ಚೀಟಿ ನೋಡಿ ಬಾಯಲ್ಲೇ ಲೆಕ್ಕ ಹೇಳಿಬಿಟ್ಟೆ. ಊಟದ ಇನ್ಸುಲಿನ್ ಬೆಳಿಗ್ಗೆ 8 ಯೂನಿಟ್, ಮಧ್ಯಾಹ್ನ 12, ರಾತ್ರಿ 10. ದಿನಕ್ಕೆ 30 ಯೂನಿಟ್, ತಿಂಗಳಿಗೆ 900. ಇನ್ಸುಲಿನ್ ತುಂಬಿದ, ಚುಚ್ಚಿಕೊಳ್ಳುವ ಒಂದು ಪೆನ್ನಿಗೆ 300, ಅಲ್ಲಿಗೆ ಮೂರು ಪೆನ್. ಇಪ್ಪತ್ತಾರನೇ ದಿನ ಬೆಳಿಗ್ಗೆ ಅವರ ಮಗ ಖಾಲಿ ಪೆನ್ ಹಿಡಿದು ಬಂದು ನಿಂತ. "ಮೂರು ಸಾಕು ಅಂದಿದ್ರಲ್ಲ ಸಾರ್?"

ಚೀಟಿಯಲ್ಲಿರುವುದು ಮೈಗೆ ಹೋಗುವಷ್ಟು ಮಾತ್ರ. ಚುಚ್ಚುವ ಮುನ್ನ ಪ್ರತಿ ಸಲ ಹೊಸ ಸೂಜಿ ಹಾಕಿ, 2 ಯೂನಿಟ್‌ಗೆ ತಿರುಗಿಸಿ, ಸೂಜಿ ಮೇಲ್ಮುಖ ಮಾಡಿ ಗುಂಡಿ ಒತ್ತಬೇಕು. ತುದಿಯಲ್ಲಿ ಹನಿ ಕಂಡರೆ ಸೂಜಿ ಕಟ್ಟಿಲ್ಲ ಅಂತ ಅರ್ಥ. ಮೂರು ಹೊತ್ತಿಗೆ 6 ಯೂನಿಟ್ ಹೀಗೇ ಹೋಗುತ್ತದೆ. ಅಂದರೆ ದಿನಕ್ಕೆ 36. 900 ಬರುವುದು ಸರಿಯಾಗಿ 25 ದಿನ. ಅವರು ಒಂದು ಯೂನಿಟ್ಟೂ ದಂಡ ಮಾಡಿರಲಿಲ್ಲ, ಲೆಕ್ಕ ತಪ್ಪಿದವನು ನಾನು. ಉಳಿತಾಯಕ್ಕೆಂದು ಆ ಹನಿ ಬಿಡುವುದನ್ನು ಮಾತ್ರ ನಿಲ್ಲಿಸಬೇಡಿ.

ಆಮೇಲೆ ಶುಗರ್ ಏರಿದ ದಿನ ಹಾಕುವ ಹೆಚ್ಚುವರಿ ಡೋಸ್. ಚೀಟಿಯಲ್ಲಿ "8ರಿಂದ 12 ಯೂನಿಟ್" ಅಂತಿದ್ದರೆ ನಾನು 12 ಹಿಡಿಯುತ್ತೇನೆ. "ಬೇಕಾದಷ್ಟು" ಅಂತ ಬರೆದಿದ್ದರೆ, ದಿನಕ್ಕೆ ಗರಿಷ್ಠ ಎಷ್ಟು ಅಂತ ವೈದ್ಯರನ್ನೇ ಕೇಳುತ್ತೇನೆ. ಅಲ್ಲಿ ಊಹೆ ನಡೆಯದು. ಇವರಿಗೆ ದಿನಕ್ಕೆ 4 ಹೆಚ್ಚುವರಿ ಅಂದುಕೊಳ್ಳಿ. 40 ಗುಣಿಸು 30, ಅಂದರೆ 1200. ನಾಲ್ಕು ಪೆನ್ನಿಗೆ ಸರಿಹೋಯಿತು. ಹೀಗೆ ಸರಿಹೋದಾಗಲೇ ನನಗೆ ದಿಗಿಲು. 12 ಬೇಕಾದ ಹೊತ್ತಿಗೆ ಪೆನ್ನಿನಲ್ಲಿ 7 ಉಳಿದಿರುತ್ತದೆ, ಇಲ್ಲವೇ ಒಂದು ಪೆನ್ ಕೈಜಾರಿ ಬೀಳುತ್ತದೆ. ಐದು ಪೆನ್ನಿನ ಪೆಟ್ಟಿಗೆಯೇ ಇರಲಿ. ಮಿಕ್ಕದ್ದು ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿಯಲ್ಲಿದ್ದರೆ ಮುಂದಿನ ತಿಂಗಳಿಗಾಯಿತು. ಫ್ರೀಜರ್‌ಗೆ ಇಟ್ಟಿರೋ, ಅದು ಕಸಕ್ಕೇ.

ಸೀಸೆ ಬಳಸುವವರ ಕಥೆ ಬೇರೆ. ಮಿಲಿಲೀಟರಿಗೆ 100 ಯೂನಿಟ್ ಇರುವ 10 ಮಿಲಿಲೀಟರ್ ಸೀಸೆಯಲ್ಲಿ 1000 ಯೂನಿಟ್. ಸಿರಿಂಜ್‌ನಲ್ಲಿ ಆ 2 ಯೂನಿಟ್‌ನ ಖರ್ಚಿಲ್ಲ, ಹಾಗಾಗಿ ದಿನಕ್ಕೆ 30ರಂತೆ 33 ದಿನ ಬರಬೇಕಲ್ಲ? ಬರುವುದಿಲ್ಲ. ಲಿಸ್ಪ್ರೊ, ಆಸ್ಪಾರ್ಟ್ ಎಂಬ ಊಟದ ಇನ್ಸುಲಿನ್ನುಗಳ ಸೀಸೆ ತೆರೆದ 28 ದಿನಕ್ಕೆ, ಒಳಗೆ 160 ಯೂನಿಟ್ ಉಳಿದಿದ್ದರೂ, ಎಸೆಯಬೇಕು. 30 ದಿನದ ತಿಂಗಳಿಗೆ ಎರಡನೇ ಸೀಸೆ ಬೇಕೇ ಬೇಕು. ಲೇಬಲ್‌ನಲ್ಲಿ 100 ಅಂತಲೇ ಇದೆಯಾ, ಸಿರಿಂಜ್ ಅದಕ್ಕೆ ಹೊಂದುವಂಥದ್ದೇ ಅಂತಲೂ ನೋಡಿ. 40ರ ಸೀಸೆಗಳೂ ಇವೆ.

ಈ ಪೆನ್ನುಗಳಿಗೂ ಅದೇ 28 ದಿನ. ಹೊತ್ತಿಗೆ 2 ಯೂನಿಟ್ ಹಾಕಿಸಿಕೊಳ್ಳುವ ಮಗುವಿಗೆ ಹನಿ ಬಿಡುವುದೂ ಸೇರಿ ದಿನಕ್ಕೆ 12, ಒಂದು ಪೆನ್ 25 ದಿನ. ಶಾಲೆಯಲ್ಲೊಂದು, ಮನೆಯಲ್ಲೊಂದು ಅಂತ ತೆರೆದಿದ್ದರೆ ಎರಡೂ ಅರ್ಧಕ್ಕೇ ಅವಧಿ ಮುಗಿಸುತ್ತವೆ. ಅಂಥ ಮನೆಗೆ ಯೂನಿಟ್ ಲೆಕ್ಕಕ್ಕಿಂತ ತೆರೆದ ಪೆನ್ನುಗಳ ಲೆಕ್ಕವೇ ಸರಿ. ತೆರೆದ ತಾರೀಕನ್ನು ಚಿಕ್ಕ ಟೇಪಿನ ಮೇಲೆ ಬರೆದು ಪೆನ್ನಿಗೇ ಅಂಟಿಸಿ. ಮುಚ್ಚಳಕ್ಕೆ ಬೇಡ, ಮುಚ್ಚಳ ಅದಲುಬದಲಾಗುತ್ತದೆ.

ಸೂಜಿ ತಿಂಗಳಿಗೆ 90, ಹೆಚ್ಚುವರಿ ಡೋಸ್ ಬೇರೆ ಹೊತ್ತಿಗೆ ಹಾಕುವುದಿದ್ದರೆ ಅಷ್ಟು ಸೇರಿಸಿ.