ನಮ್ಮ ಕಾಲದ ಎಸ್ಸೆಸ್ಸೆಲ್ಸಿನೇ ಕಷ್ಟ ಇತ್ತಾ? ಮನೇಲೇ ಕೂತು ಚೆಕ್ ಮಾಡೋದು ಹೇಗೆ

ಹಬ್ಬಕ್ಕೆ ನಾಲ್ಕು ಜನ ಸೇರಿದ್ರೆ ಈ ಮಾತು ಬಂದೇ ಬರುತ್ತೆ. "ನಮ್ಮ ಕಾಲದಲ್ಲಿ ಫಸ್ಟ್ ಕ್ಲಾಸ್ ಬಂದ್ರೆ ಊರಿಗೇ ಗೊತ್ತಾಗ್ತಿತ್ತು, ಈಗ ಎಲ್ಲರಿಗೂ ತೊಂಬತ್ತು" ಅಂತ ದೊಡ್ಡೋರು, "ನಿಮ್ಮ ಸಿಲಬಸ್ಸೇ ಈಸಿ ಇತ್ತು ತಾತ" ಅಂತ ಮಕ್ಕಳು. ನಮ್ಮನೇಲೂ ಹೋದ ವರ್ಷ ಇದೇ ಆಯ್ತು, ಅಪ್ಪ 1979ರ ಬ್ಯಾಚು, ಅಕ್ಕನ ಮಗಳು ಪುಟ್ಟಿ ಈಗ ಹತ್ತನೇ ಕ್ಲಾಸು, ವಾದ ಮುಗೀಲೇ ಇಲ್ಲ, ಕೊನೆಗೆ ಎರಡು ಭಾನುವಾರ ಕೂತು ನಿಜವಾಗ್ಲೂ ಚೆಕ್ ಮಾಡಿದ್ವಿ. ನೀವೂ ಮಾಡಬಹುದು, ಅದಕ್ಕೇ ಬರೀತಿದೀನಿ.

ಮೊದಲು ಎರಡು ಪ್ರಶ್ನೆಪತ್ರಿಕೆ ಬೇಕು. ಈಗಿಂದು ಸುಲಭ, ಪರೀಕ್ಷಾ ಮಂಡಳಿ ವೆಬ್‌ಸೈಟಲ್ಲಿ ಹಿಂದಿನ ಪತ್ರಿಕೆ, ಮಾದರಿ ಪತ್ರಿಕೆ, ಕೀ ಉತ್ತರ ಎಲ್ಲಾ ಸಿಗುತ್ತೆ. ಹಳೇದಕ್ಕೆ ಅಟ್ಟದ ಮೇಲಿನ ಟ್ರಂಕು, ಹಳೇ ಮಾರ್ಕ್ಸ್ ಕಾರ್ಡ್ ಇಟ್ಟಿರೋ ಕವರು, ರಿಟೈರ್ ಆಗಿರೋ ಮೇಷ್ಟ್ರ ಮನೆ ಹುಡುಕಿ. ಅಪ್ಪಂದು ಗಣಿತದ ಪತ್ರಿಕೆ ಮಾರ್ಕ್ಸ್ ಕಾರ್ಡ್ ಒಳಗೇ ನಾಲ್ಕು ಮಡಿಕೆ ಮಾಡಿ ಇಟ್ಟಿದ್ರು, ಮಡಿಚಿದ ಕಡೆ ಅಕ್ಷರ ಉದುರಿಹೋಗಿತ್ತು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಅವರೇ ಹಾಕ್ಕೊಂಡಿದ್ದ ಟಿಕ್ ಮಾತ್ರ ಹಾಗೇ ಇತ್ತು.

ಈಗ ತುಂಬಾ ಜನ ತಪ್ಪು ಮಾಡೋದು ಇಲ್ಲೇ, ಎರಡೂ ಪತ್ರಿಕೆ ಅಕ್ಕಪಕ್ಕ ಇಟ್ಟು "ನೋಡು ಎಷ್ಟು ಕಷ್ಟ ಇದೆ ಹಳೇದು" ಅಂದ್ಬಿಡ್ತಾರೆ. ಪಠ್ಯಪುಸ್ತಕ ಇಲ್ಲದೆ ಪತ್ರಿಕೆ ನೋಡಬೇಡಿ. ಪ್ರಮೇಯ ಬರೆದು ಸಾಧಿಸಿ ಅನ್ನೋದು ನೋಡೋಕೆ ದೊಡ್ಡ ಪ್ರಶ್ನೆ, ಆದ್ರೆ ಪುಸ್ತಕದಲ್ಲಿ ಹಾಗೇ ಇದ್ದು ಮೇಷ್ಟ್ರು ಹತ್ತು ಸಲ ಬರೆಸಿದ್ರೆ ಅದು ಬಾಯಿಪಾಠ ಅಷ್ಟೇ. ಮೂರು ಬಣ್ಣದ ಪೆನ್ ತಗೊಳ್ಳಿ. ಪುಸ್ತಕದಲ್ಲಿ ಇದ್ದಿದ್ದು ಇದ್ದಂಗೇ ಕೇಳಿದ್ರೆ ಕೆಂಪು, ಬರೀ ಸಂಖ್ಯೆ ಬದಲಾಯಿಸಿದ್ರೆ ನೀಲಿ, ಯೋಚನೆ ಮಾಡದೆ ಬರೆಯೋಕೇ ಆಗಲ್ಲ ಅನ್ನೋದಕ್ಕೆ ಹಸಿರು. ಆಮೇಲೆ ಪ್ರಶ್ನೆ ಎಣಿಸಬೇಡಿ, ಅಂಕ ಎಣಿಸಿ. ಈಗಿನ ಗಣಿತ ಪತ್ರಿಕೇಲಿ 38 ಪ್ರಶ್ನೆ, 80 ಅಂಕ, ಅದರಲ್ಲಿ 16 ಅಂಕ ಒಂದೊಂದು ಅಂಕದ ಪ್ರಶ್ನೆಗಳೇ. ನಮಗೆ ಗೊತ್ತಾಗಿದ್ದು ಏನಂದ್ರೆ ಎರಡೂ ಕಾಲದಲ್ಲೂ ಕೆಂಪು ನಾವಂದುಕೊಂಡಿದ್ದಕ್ಕಿಂತ ಜಾಸ್ತಿ. ಅಪ್ಪ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ.

ಮುಂದಿನ ಕೆಲಸ, ಇಬ್ಬರೂ ಅದಲು ಬದಲು ಮಾಡ್ಕೊಂಡು ಉತ್ತರ ಬರೀಬೇಕು, ಇದನ್ನ ಬಿಡಬೇಡಿ. ನಮ್ಮನೇಲಿ ವರ್ಗೀಕೃತ ದತ್ತಾಂಶದ ಮಧ್ಯಾಂಕ (ಗುಂಪು ಮಾಡಿಟ್ಟ ಅಂಕಿಗಳ ನಡುವಿನ ಬೆಲೆ) ಕಂಡುಹಿಡಿಯಿರಿ ಅನ್ನೋದು ಅಪ್ಪಂಗೆ ಬರಲೇ ಇಲ್ಲ, "ಇದು ನಮಗಿರಲಿಲ್ಲ ಕಣಮ್ಮ" ಅಂದ್ರು, ಸಂಭವನೀಯತೆನೂ ಅಷ್ಟೇ. ಪುಟ್ಟಿ ಎರಡೂ ಪಟಪಟ ಅಂತ ಮಾಡಿದ್ಲು. ಆಮೇಲೆ ಅಪ್ಪ ಬಾಯಲ್ಲೇ ಒಂದು ಲೆಕ್ಕ ಕೇಳಿದ್ರು, ಕ್ವಿಂಟಾಲಿಗೆ 4800 ರೂಪಾಯಿ ಅಕ್ಕಿ, ಮುಕ್ಕಾಲು ಕ್ವಿಂಟಾಲ್ ತಗೊಂಡೆ, ಚೀಲದ ತೂಕ ಅಂತ 2 ಕೆಜಿ ಕಳೆದ್ರು, ಎಷ್ಟು ಕೊಡಬೇಕು. ಅವಳ ಕೈ ಮೊಬೈಲಿಗೆ ಹೋಯ್ತು. ಬೇಡ ಅಂದಾಗ ಮುಕ್ಕಾಲು ಕ್ವಿಂಟಾಲ್ ಅಂದ್ರೆ ಎಷ್ಟು ಕೆಜಿ ಅಂತಾನೇ ತಡವರಿಸಿದ್ಲು. ಅಪ್ಪ ಕಣ್ಣು ಮುಚ್ಕೊಂಡು 3504 ಅಂದ್ರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಹೇಳಿ ಬೆಳೆದೋರು. ಅಂದ್ರೆ ವಿಷಯ ಈಗ ಜಾಸ್ತಿಯಾಗಿದೆ, ಕೈಗೆ ಹತ್ತಿದ ಲೆಕ್ಕ ಕಡಿಮೆಯಾಗಿದೆ, ಎರಡೂ ನಿಜ. ಹೀಗೆ ಒಂದೊಂದು ವಿಷಯಕ್ಕೂ ಬೇರೆ ಬೇರೆ ಬರೆದಿಟ್ಕೊಳ್ಳಿ, ಒಟ್ಟಿಗೆ ಸೇರಿಸಿ ಕಷ್ಟ-ಸುಲಭ ಅಂತ ಹೇಳೋಕೆ ಹೋಗ್ಬೇಡಿ.

ಮೂರನೇದು ಪಾಸ್ ಪರ್ಸೆಂಟೇಜು. ಇದನ್ನ ಅಳತೆಕೋಲು ಮಾಡ್ಕೊಳ್ಳಲೇಬೇಡಿ. 2021ರಲ್ಲಿ ಕೋವಿಡ್ ಅಂತ ಎರಡೇ ದಿನ ಪರೀಕ್ಷೆ, ಎಲ್ಲಾ ಬಹು ಆಯ್ಕೆ ಪ್ರಶ್ನೆ, ಹೆಚ್ಚು ಕಡಿಮೆ ಎಲ್ಲರೂ ಪಾಸು. 2023ರಲ್ಲಿ 83.89. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದ್ರು, ಗ್ರೇಸ್ ಮಾರ್ಕ್ಸ್ 10 ಪರ್ಸೆಂಟ್ ಇದ್ದಿದ್ದನ್ನ 20 ಮಾಡಿದ್ಮೇಲೂ ಬಂದಿದ್ದು 73.40. 2025ರಲ್ಲಿ ಆ ಗ್ರೇಸ್ ತೆಗೆದ್ರು, ಮೊದಲನೇ ಪರೀಕ್ಷೇಲಿ ರೆಗ್ಯುಲರ್ ಮಕ್ಕಳ ಫಲಿತಾಂಶ 66.14. ನಾಲ್ಕು ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಏರಿಳಿಯುತ್ತಾ? ಬದಲಾಗಿದ್ದು ನಿಯಮ. ಅದಕ್ಕೇ ಯಾವ ವರ್ಷದ ಫಲಿತಾಂಶ ನೋಡಿದ್ರೂ ಪಕ್ಕದಲ್ಲಿ ಆ ವರ್ಷದ ನಿಯಮ ಏನಿತ್ತು ಅಂತ ಬರೀರಿ.

ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಪಾಸ್ ಗೆರೆ ಬಗ್ಗೆ, ಪತ್ರಿಕೆ ಬಗ್ಗೆ ಅಲ್ಲ. ಲೆಕ್ಕ ನೀವೇ ಹಾಕಿ. ಒಟ್ಟು 625, ಅದರಲ್ಲಿ 125 ಶಾಲೆಯಲ್ಲೇ ಕೊಡೋ ಇಂಟರ್ನಲ್ ಅಂಕ, ಬರೆಯೋದು 500ಕ್ಕೆ. ಮೊದಲು ಪಾಸಾಗೋಕೆ 35 ಪರ್ಸೆಂಟ್ ಬೇಕಿತ್ತು, 2025ರ ಅಕ್ಟೋಬರಲ್ಲಿ ಅದನ್ನ 33 ಮಾಡಿದ್ರು, ಅಂದ್ರೆ ಒಟ್ಟು 206, ಒಂದೊಂದು ವಿಷಯಕ್ಕೆ ಇಂಟರ್ನಲ್ ಸೇರಿಸಿ 30 ಪರ್ಸೆಂಟ್. ಶಾಲೆಯವರು ಇಂಟರ್ನಲ್ ಪೂರ್ತಿ ಕೊಟ್ರು ಅಂದ್ಕೊಳ್ಳಿ, ಉಳಿದಿದ್ದು 500ಕ್ಕೆ 81. ಅಷ್ಟು ಬರೆದ ಮಗು ಪಾಸು, ಮನೇಲಿ ಸ್ವೀಟ್ ಹಂಚ್ತಾರೆ, ಪಿಯುಸಿಗೆ ಸೇರಿಸ್ತಾರೆ, ಅಲ್ಲಿ ಮೊದಲನೇ ತಿಂಗಳೇ ಆ ಮಗು ಮಂಕಾಗಿ ಕೂರುತ್ತೆ. ಮಾರ್ಕ್ಸ್ ಕಾರ್ಡ್ ಅದಕ್ಕೆ ಸುಳ್ಳು ಹೇಳಿತ್ತು. ಹಾಗಾಗಿ ನಿಮ್ಮ ಮಗುವಿನ ಕಾರ್ಡ್ ಬಂದಾಗ ಇಂಟರ್ನಲ್ ಕಳೆದು ಬರೀ ಬರವಣಿಗೆ ಅಂಕ ಎಷ್ಟು ಅಂತ ಬೇರೆ ಮಾಡಿ ನೋಡಿ, ಹಳೇ ಕಾಲದ ಕಾರ್ಡ್ ಜೊತೆ ಹೋಲಿಸೋದಾದ್ರೆ ಆ ನಂಬರ್ ಮಾತ್ರ ಹೋಲಿಸಿ.

ಇದರ ಜೊತೆಗೇ ದೊಡ್ಡೋರ ಕಡೆ ಒಂದು ಕೆಲಸ ಇದೆ. ಅವರ ಒಂದನೇ ಕ್ಲಾಸಲ್ಲಿ ಯಾರ್ಯಾರಿದ್ರು ಅಂತ ನೆನಪಿಸಿಕೊಂಡು ಹೆಸರು ಬರೆಸಿ, ಆಮೇಲೆ ಹತ್ತನೇ ಕ್ಲಾಸಿನವರೆಗೆ ಬಂದೋರಿಗೆ ಮಾತ್ರ ಗುಂಡು ಸುತ್ತಿಸಿ. ಅಪ್ಪ ಮೂವತ್ತೊಂದು ಹೆಸರು ಹೇಳಿದ್ರು, ಗುಂಡು ಬಿದ್ದಿದ್ದು ಏಳಕ್ಕೆ. ಏಳರಲ್ಲಿ ಒಬ್ಬಳೂ ಹುಡುಗಿ ಇಲ್ಲ. ಅಪ್ಪನ ಸ್ವಂತ ತಂಗಿ, ನಮ್ಮ ಅತ್ತೆ, ನಾಲ್ಕನೇ ಕ್ಲಾಸಿಗೇ ಬಿಟ್ಟಿದ್ರು, ಪಟ್ಟಿ ಬರೆಯುವಾಗ ಆ ಹೆಸರಿಗೆ ಅಪ್ಪನ ಪೆನ್ನು ನಿಂತಿತು. ಪರೀಕ್ಷೆಗೆ ಕೂರೋಕೆ ಮುಂಚೆನೇ ಇಷ್ಟು ಜನ ಹೊರಗೆ ಹೋಗಿರೋವಾಗ ಉಳಿದೋರು ಚೆನ್ನಾಗಿ ಬರೆದಿದ್ದು ದೊಡ್ಡ ವಿಷಯ ಅಲ್ಲ. ಈಗ ಬಿಸಿಯೂಟ ಇದೆ, 2006-07ರಿಂದ ಹಲವು ವರ್ಷ ಎಂಟನೇ ಕ್ಲಾಸಿಗೆ ಸರ್ಕಾರದ ಸೈಕಲ್ ಸಿಕ್ತು, ಎಂಟು ಲಕ್ಷಕ್ಕೂ ಮೇಲೆ ಮಕ್ಕಳು ಎಸ್ಸೆಸ್ಸೆಲ್ಸಿ ಬರೀತಾರೆ, ಅದರಲ್ಲಿ ಮನೇಲಿ ಮೊದಲನೇ ಸಲ ಹತ್ತನೇ ಕ್ಲಾಸ್ ನೋಡ್ತಿರೋರು ಎಷ್ಟೋ ಜನ. ಆ ಮಕ್ಕಳನ್ನ ತೋರಿಸಿ ಗುಣಮಟ್ಟ ಇಳೀತು ಅನ್ನೋದು ನನಗೆ ಒಪ್ಪೋಕಾಗಲ್ಲ.

ಹಾಗಾದ್ರೆ ಇಳಿದಿದೆಯೋ ಇಲ್ಲವೋ ತಿಳಿಯೋದು ಹೇಗೆ? ಪ್ರಶ್ನೆಯ ಮಟ್ಟ ಬದಲಾಯಿಸದೆ ಅದನ್ನೇ ಮತ್ತೆ ಮತ್ತೆ ಕೇಳಬೇಕು. ಪ್ರಥಮ್ ಸಂಸ್ಥೆಯವರು 2005ರಿಂದ ಮಾಡ್ತಿರೋ ಅಸರ್ ಸಮೀಕ್ಷೆ ಹಂಗೇನೇ, ಹಳ್ಳಿ ಮನೆಗಳಿಗೆ ಹೋಗಿ ಎರಡನೇ ಕ್ಲಾಸ್ ಮಟ್ಟದ ಕತೆ ಓದಿಸ್ತಾರೆ, ಸಾಲ ತಗೊಳ್ಳೋ ಎರಡಂಕಿ ಕಳೆಯೋ ಲೆಕ್ಕ, ಮೂರಂಕಿಯನ್ನ ಒಂದಂಕಿಯಿಂದ ಭಾಗಿಸೋ ಲೆಕ್ಕ ಕೊಡ್ತಾರೆ. 2023ರಲ್ಲಿ 14ರಿಂದ 18 ವಯಸ್ಸಿನೋರನ್ನ ಕೇಳಿದಾಗ ಆ ಭಾಗಾಕಾರ ಬಂದಿದ್ದು 43.3 ಪರ್ಸೆಂಟ್ ಜನಕ್ಕೆ, ಕಾಲು ಭಾಗದಷ್ಟು ಮಕ್ಕಳು ತಮ್ಮ ಭಾಷೆಯ ಎರಡನೇ ಕ್ಲಾಸ್ ಪಾಠ ಸರಾಗವಾಗಿ ಓದಲಿಲ್ಲ. ಇದು ದೇಶದ ಹಲವು ಜಿಲ್ಲೆಗಳ ಲೆಕ್ಕ, ನಮ್ಮ ರಾಜ್ಯದ್ದಷ್ಟೇ ಅಲ್ಲ.

ಮನೇಲಿ ಹೀಗೆ ಮಾಡಿ. ಎರಡನೇ ಕ್ಲಾಸಿನ ಕನ್ನಡ ಪುಸ್ತಕದಿಂದ ಅರ್ಧ ಪುಟ, ಪೇಪರಿನ ಸಂಪಾದಕೀಯದಿಂದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿ, ಓದಿದ್ದನ್ನ ಸ್ವಂತ ಮಾತಲ್ಲಿ ನಾಲ್ಕು ಸಾಲು ಬರೆಸಿ, ಐದು ಭಾಗಾಕಾರ, ಐದು ಬಾಯಿಲೆಕ್ಕ ಕೊಡಿ. ಮನೇಲಿರೋ ಎಲ್ಲರಿಗೂ ಅದೇ. ತಾರೀಕು ಹಾಕಿ ಹಾಳೆ ಎತ್ತಿಡಿ, ಆರು ತಿಂಗಳಿಗೆ ಮತ್ತೆ ಅದೇ ಮಟ್ಟದ್ದು ಕೊಡಿ. ಮಗು ತಡವರಿಸಿದ್ರೆ ಬೈಬೇಡಿ, ಯಾವ ಜಾಗದಲ್ಲಿ ನಿಂತಿತು ಅಂತ ಗುರುತು ಮಾಡ್ಕೊಳ್ಳಿ ಸಾಕು.

ಪುಟ್ಟಿ ಓದು ಚೆನ್ನಾಗಿತ್ತು, ಭಾಗಾಕಾರ ಐದಕ್ಕೆ ಮೂರು ಸರಿ. ಈಗ ರಾತ್ರಿ ಊಟ ಆದ್ಮೇಲೆ ತಾತ ಹತ್ತು ನಿಮಿಷ ಬಾಯಿಲೆಕ್ಕ ಕೇಳ್ತಾರೆ, ಅವಳು ತಾತಂಗೆ ಮಧ್ಯಾಂಕ ಹೇಳಿಕೊಡ್ತಾಳೆ. ಅತ್ತೆನೂ ಬಂದಾಗ ಪಕ್ಕದಲ್ಲೇ ಕೂರ್ತಾರೆ, ಬಾಯಿಲೆಕ್ಕಕ್ಕೆ ಎಲ್ಲರಿಗಿಂತ ಮೊದಲು ಉತ್ತರ ಅವರದ್ದೇ.