ಪ್ರಕಟಣೆಯ ಶುಲ್ಕ (ಎಪಿಸಿ) ಕಟ್ಟದೆ ನಮ್ಮ ಕಾಲೇಜಿನ ಸಂಶೋಧನಾ ಪೇಪರ್ ಎಲ್ಲರಿಗೂ ಓದಲು ಸಿಕ್ಕಿದ್ದು ಹೇಗೆ

ಸಂಶೋಧನಾ ಜರ್ನಲ್‌ಗಳನ್ನು ಓದಲು ಸರ್ಕಾರವೇ ಚಂದಾ ಕಟ್ಟುವ ಒಎನ್‌ಒಎಸ್ (ಒಂದು ರಾಷ್ಟ್ರ ಒಂದು ಚಂದಾ) ಯೋಜನೆ ಬಂದ ಮೇಲೆ ಸ್ಟಾಫ್ ರೂಮಿನಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದೇ: "ಮೇಡಂ, ಇನ್ಮೇಲೆ ಪೇಪರ್ ಹಾಕೋಕೆ ದುಡ್ಡು ಕಟ್ಟೋ ಹಾಗಿಲ್ಲ ಅಲ್ವಾ?" ಕೋಲಾರ ಜಿಲ್ಲೆಯ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕಿ. ಈ ಪ್ರಶ್ನೆಗೆ ಹೌದು ಎಂದೂ ಹೇಳುವಂತಿಲ್ಲ, ಇಲ್ಲ ಎಂದೂ ಹೇಳುವಂತಿಲ್ಲ. ಓದುವುದಕ್ಕೆ ಆಗಿರುವ ಒಪ್ಪಂದ ಬೇರೆ, ಪ್ರಕಟಿಸುವುದಕ್ಕೆ ಆಗುವ ಒಪ್ಪಂದ ಬೇರೆ. ಈ ವ್ಯತ್ಯಾಸ ತಿಳಿಯದೆ ಎಷ್ಟೋ ಅಧ್ಯಾಪಕರು ಸಂಬಳದ ಹಣದಿಂದ ಎಪಿಸಿ, ಅಂದರೆ ಲೇಖನ ಪ್ರಕಟಣೆಯ ಶುಲ್ಕ, ಕಟ್ಟುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಒಂದು ರಾಷ್ಟ್ರ ಒಂದು ಚಂದಾ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದ್ದು 2024ರ ನವೆಂಬರ್ 25ರಂದು. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ. ಉಸ್ತುವಾರಿ ವಿಶ್ವವಿದ್ಯಾಲಯಗಳ ಲೈಬ್ರರಿಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದ್ದು. ನಮ್ಮಂಥ ಕಾಲೇಜಿಗೆ ಇದು ದೊಡ್ಡ ವರ. ಆದರೆ ಈ ಚಂದಾ ಓದುವುದಕ್ಕೆ. ಬೇರೆಯವರ ಪೇಪರ್ ನಮಗೆ ತೆರೆಯುತ್ತದೆ. ನಮ್ಮವರು ಬರೆದದ್ದು ಯೋಜನೆಯ ಹೊರಗಿರುವವರಿಗೆ ಮುಚ್ಚಿಯೇ ಇರುತ್ತದೆ. ಪಕ್ಕದ ಖಾಸಗಿ ಕಾಲೇಜು, ತಾಲ್ಲೂಕು ಪಂಚಾಯಿತಿ, ಓದು ಮುಗಿಸಿ ಹೊರಗೆ ಹೋದ ನಮ್ಮ ವಿದ್ಯಾರ್ಥಿ, ಎಲ್ಲರೂ ಆ ಹೊರಗಿನವರೇ. ಪ್ರಕಟಣೆಯ ಶುಲ್ಕಕ್ಕೆಂದು ವರ್ಷಕ್ಕೆ 150 ಕೋಟಿಯ ನೆರವನ್ನು ಸರ್ಕಾರ ಬೇರೆಯಾಗಿ ಘೋಷಿಸಿತು, ಅದೂ ಆಯ್ದ ಒಳ್ಳೆಯ ಓಪನ್ ಆ್ಯಕ್ಸೆಸ್, ಅಂದರೆ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ, ಜರ್ನಲ್‌ಗಳಿಗೆ. 'ಆಯ್ದ' ಎಂಬುದನ್ನು ಗಮನಿಸಿ. ನಿಮ್ಮ ಜರ್ನಲ್ ಅದರಲ್ಲಿದೆಯೋ ಇಲ್ಲವೋ ಎಂದು ಪೇಪರ್ ಕಳಿಸುವ ಮೊದಲೇ ನೋಡಿಕೊಳ್ಳಬೇಕು.

ಇದು ಬರೀ ಲೆಕ್ಕಪತ್ರದ ವಿಷಯವಲ್ಲ ಎಂದು ನನಗೆ ಗಟ್ಟಿಯಾದದ್ದು ನಮ್ಮ ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರ ಪೇಪರ್‌ನಿಂದ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿ ಬಿಡುತ್ತಾರೆ, ಮೂರನೇ ಹಂತವೂ ಆಗಬೇಕು ಎಂಬುದು ಇಲ್ಲಿನ ಹಳೆಯ ಬೇಡಿಕೆ. ಇದರ ಜೊತೆಗೆ ಬೋರ್‌ವೆಲ್ ನೀರಿನ ಫ್ಲೋರೈಡ್ ಬೇರೆ. ಆ ಸರ್ ಕೆರೆಯ ನೀರು, ಸುತ್ತಲಿನ ಬೋರ್‌ವೆಲ್‌ಗಳ ನೀರು ಎರಡನ್ನೂ ಪರೀಕ್ಷಿಸಿ ಬರೆದಿದ್ದರು. ಮಾದರಿ ಹಿಡಿಯಲು ಜೊತೆಗೆ ಓಡಾಡಿದ ಹುಡುಗ ಡಿಗ್ರಿ ಮುಗಿಸಿ ಊರಿಗೆ ಹೋದ ಮೇಲೆ ಆ ಪೇಪರ್ ತೆರೆಯಲು ನೋಡಿದ. ಮೊದಲ ಪುಟದ ಸಾರಾಂಶ ಬಿಟ್ಟರೆ ಉಳಿದದ್ದಕ್ಕೆ ಡಾಲರ್‌ನಲ್ಲಿ ಬೆಲೆ. "ಮೇಡಂ, ನಮ್ಮೂರ ನೀರಲ್ಲಿ ಏನಿದೆ ಅಂತ ನೋಡೋಕೆ ನಾನು ದುಡ್ಡು ಕೊಡಬೇಕಾ?" ಎಂದು ಫೋನ್ ಮಾಡಿದ. ಅವನ ಪ್ರಶ್ನೆ ನ್ಯಾಯವಾದದ್ದು.

ಸರ್ ಪೇಪರ್ ಬಂದದ್ದು ಹೈಬ್ರಿಡ್ ಜರ್ನಲ್‌ನಲ್ಲಿ. ಅಂಥ ಜರ್ನಲ್‌ಗೆ ಲೈಬ್ರರಿಗಳು ಚಂದಾ ಕಟ್ಟುತ್ತವೆ. ಲೇಖಕರು ಬೇಕೆಂದರೆ ಶುಲ್ಕ ಕಟ್ಟಿ ತಮ್ಮ ಲೇಖನವನ್ನಷ್ಟೇ ಮುಕ್ತ ಮಾಡಬಹುದು. ಪೇಪರ್ ಸ್ವೀಕಾರವಾದ ಮೇಲೆ ಬರುವ ಇಮೇಲ್‌ನ ಲಿಂಕ್ ಒತ್ತಿದರೆ ಒಂದು ಪುಟ ತೆರೆಯುತ್ತದೆ. ಎರಡು ಆಯ್ಕೆ: ಒಂದು ಓಪನ್ ಆ್ಯಕ್ಸೆಸ್, ಎದುರಿಗೆ ಯೂರೋದಲ್ಲಿ ಮೊತ್ತ, ಇನ್ನೊಂದು ಸಬ್‌ಸ್ಕ್ರಿಪ್ಷನ್, ಎದುರಿಗೆ ಸೊನ್ನೆ. ಮೊತ್ತ ನೋಡಿ ಗಾಬರಿಯಾಗಿ ಹೆಚ್ಚಿನವರು ಸೊನ್ನೆಯನ್ನು ಒತ್ತುತ್ತಾರೆ. ಗಾಬರಿಯಾಗುವುದು ಸಹಜ: ನೇಚರ್ ಪತ್ರಿಕೆ 2020ರಲ್ಲಿ ಪ್ರಕಟಿಸಿದ ದರ ಒಂದು ಲೇಖನಕ್ಕೆ 9,500 ಯೂರೋ. ಸಾಮಾನ್ಯ ಜರ್ನಲ್‌ಗಳಲ್ಲಿ ಅಷ್ಟಿಲ್ಲದಿದ್ದರೂ ನಮ್ಮ ಅತಿಥಿ ಉಪನ್ಯಾಸಕರ ಕೈಗೆಟಕುವ ಮೊತ್ತವಲ್ಲ.

ಚಂದಾವನ್ನೂ ಕಟ್ಟಿ ಶುಲ್ಕವನ್ನೂ ಕಟ್ಟುವ ಈ ಎರಡೆರಡು ಪಾವತಿ ತಪ್ಪಬೇಕೆಂದೇ ಹೊರದೇಶಗಳ ಲೈಬ್ರರಿಗಳು ಓದುವುದನ್ನೂ ಪ್ರಕಟಿಸುವುದನ್ನೂ ಒಂದೇ ಒಪ್ಪಂದಕ್ಕೆ ತಂದವು. ಜರ್ಮನಿಯವರು ಡೀಲ್ ಎಂಬ ಹೆಸರಿನಲ್ಲಿ ಒಟ್ಟಾಗಿ ನಿಂತು 2019ರಲ್ಲಿ ವೈಲಿ ಜೊತೆ, 2020ರಲ್ಲಿ ಸ್ಪ್ರಿಂಗರ್ ನೇಚರ್ ಜೊತೆ, ಹೀಗೆ ದೊಡ್ಡ ಪ್ರಕಾಶಕರೊಂದಿಗೆ ಒಪ್ಪಂದ ಮಾಡಿಕೊಂಡರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರ ಫೆಬ್ರವರಿಯಲ್ಲಿ ಇನ್ನೊಂದು ದೊಡ್ಡ ಪ್ರಕಾಶನ ಸಂಸ್ಥೆ ಎಲ್ಸೆವಿಯರ್ ಜೊತೆ ಮಾತುಕತೆ ಮುರಿದುಕೊಂಡು, ಎರಡು ವರ್ಷ ಚಂದಾ ಇಲ್ಲದೆಯೇ ತಡೆದು, 2021ರ ಮಾರ್ಚ್‌ನಲ್ಲಿ ತನಗೆ ಬೇಕಾದ ಒಪ್ಪಂದ ಪಡೆಯಿತು. ಆ ಎರಡು ವರ್ಷ ಅಲ್ಲಿನ ಅಧ್ಯಾಪಕರು ಲೈಬ್ರರಿಯ ಬೆನ್ನಿಗೆ ನಿಂತರು. ನನಗೆ ಬಹಳ ದೊಡ್ಡದಾಗಿ ಕಾಣುವುದು ಅದೇ.

ಇಂಥ ಒಪ್ಪಂದಗಳಲ್ಲಿ ಲೆಕ್ಕಕ್ಕೆ ಬರುವುದು ಕರೆಸ್ಪಾಂಡಿಂಗ್ ಆಥರ್, ಅಂದರೆ ಜರ್ನಲ್ ಜೊತೆ ವ್ಯವಹರಿಸುವ ಲೇಖಕರು, ಯಾವ ಸಂಸ್ಥೆಯವರು ಎಂಬುದು. ನಮ್ಮ ಭೌತಶಾಸ್ತ್ರ ವಿಭಾಗದ ಮೇಡಂ ಒಬ್ಬರಿಗೆ ಜರ್ಮನಿಯಲ್ಲಿ ಸಂಶೋಧನೆ ಮಾಡುವ ಸಹಲೇಖಕರಿದ್ದರು. ಅಳತೆಗಳೆಲ್ಲ ಅವರವೇ, ಸಂಪಾದಕರ ಪ್ರಶ್ನೆಗಳಿಗೆ ಉತ್ತರ ಕೊಡುವವರೂ ಅವರೇ. ಹಾಗಿದ್ದ ಮೇಲೆ ಕರೆಸ್ಪಾಂಡಿಂಗ್ ಆಥರ್ ಆಗಿ ಅವರ ಹೆಸರೇ ಇರಲಿ ಎಂದೆ. ಅವರ ಸಂಸ್ಥೆಯ ಒಪ್ಪಂದದಡಿ ಲೇಖನ ಶುಲ್ಕವಿಲ್ಲದೆ ಮುಕ್ತವಾಯಿತು. ಆದರೆ ಶುಲ್ಕ ಉಳಿಸಲೆಂದು ಕೆಲಸ ಮಾಡದವರನ್ನು ಆ ಜಾಗದಲ್ಲಿ ಕೂರಿಸಬಾರದು, ಅದು ಮೋಸ. ಪೇಪರ್ ಕಳಿಸಿದ ಮೇಲೆ ಹೆಸರು ಬದಲಿಸಲು ಪ್ರಕಾಶಕರು ಸುಲಭವಾಗಿ ಒಪ್ಪುವುದೂ ಇಲ್ಲ. ಕಳಿಸುವಾಗ ಸಂಸ್ಥೆಯ ಇಮೇಲ್ ವಿಳಾಸ ಹಾಕಿ, ಕಾಲೇಜಿನ ಹೆಸರನ್ನು ಪ್ರತಿ ಸಲವೂ ಒಂದೇ ರೀತಿ ಬರೆಯಿರಿ. ನಾಲ್ಕು ಪೇಪರ್‌ನಲ್ಲಿ ನಾಲ್ಕು ತರಹ ಬರೆದರೆ ಪ್ರಕಾಶಕರ ಕಂಪ್ಯೂಟರ್‌ಗೆ ನಾವು ನಾಲ್ಕು ಕಾಲೇಜು.

ರಸಾಯನಶಾಸ್ತ್ರದ ಸರ್‌ಗೆ ಇಂಥ ಸಹಲೇಖಕರು ಇರಲಿಲ್ಲ, ಪೇಪರ್ ಆಗಲೇ ಅಚ್ಚಾಗಿತ್ತು. ಅವರಿಗೆ ಉಳಿದಿದ್ದು ಹಸಿರು ದಾರಿ, ಅಂದರೆ ಲೇಖಕರೇ ತಮ್ಮ ಹಸ್ತಪ್ರತಿಯನ್ನು ಮುಕ್ತವಾಗಿ ಇಡುವುದು. ಅದಕ್ಕೆ ಖರ್ಚೇ ಇಲ್ಲ. ಅವರು ಸಹಿ ಹಾಕಿದ್ದ ಕಾಪಿರೈಟ್ ಫಾರಂ ತರಿಸಿಕೊಂಡು ಇಬ್ಬರೂ ಕೂತು ಸಾಲು ಸಾಲಾಗಿ ಓದಿದೆವು. ಪ್ರಕಾಶಕರು ವಿನ್ಯಾಸ ಮಾಡಿದ ಪಿಡಿಎಫ್ ಹಾಕುವಂತಿಲ್ಲ. ಆದರೆ ವಿಮರ್ಶಕರು ಹೇಳಿದ ತಿದ್ದುಪಡಿಗಳೆಲ್ಲ ಆಗಿ ಸ್ವೀಕಾರವಾದ ಹಸ್ತಪ್ರತಿಯನ್ನು, ಪ್ರಕಟವಾದ 12 ತಿಂಗಳ ನಂತರ ರೆಪಾಸಿಟರಿಯಲ್ಲಿ (ಲೇಖನಗಳನ್ನು ಇಡುವ ಆನ್‌ಲೈನ್ ಭಂಡಾರದಲ್ಲಿ) ಇಡಬಹುದು ಎಂದಿತ್ತು. ಜರ್ನಲ್‌ಗಳ ಇಂಥ ನಿಯಮಗಳನ್ನು ತೋರಿಸುವ ಶೆರ್ಪಾ ರೋಮಿಯೋ ಜಾಲತಾಣದಲ್ಲಿ ಜರ್ನಲ್ ಹೆಸರು ಹಾಕಿ ನೋಡಿದಾಗಲೂ ಅದೇ ಬಂತು. ಕಷ್ಟವಾದದ್ದು ಆ ಹಸ್ತಪ್ರತಿ ಹುಡುಕುವುದು. ಸರ್ ಲ್ಯಾಪ್‌ಟಾಪ್‌ನಲ್ಲಿ 'ಫೈನಲ್', 'ಫೈನಲ್ 2', 'ಫೈನಲ್ ಕರೆಕ್ಟೆಡ್' ಎಂದು ಫೈಲ್‌ಗಳ ಸಾಲೇ ಇತ್ತು. ಸ್ವೀಕಾರದ ಇಮೇಲ್‌ನ ದಿನಾಂಕದ ಜೊತೆ ತಾಳೆ ನೋಡಿ ಸರಿಯಾದ ವರ್ಡ್ ಫೈಲ್ ಹಿಡಿದೆವು. ಸ್ವೀಕಾರವಾದ ದಿನವೇ ಆ ಫೈಲನ್ನು ಲೈಬ್ರರಿಗೆ ಕಳಿಸಿಬಿಡಿ ಎಂದು ಈಗ ಎಲ್ಲರಿಗೂ ಹೇಳುತ್ತೇನೆ.

ನಮ್ಮ ಕಾಲೇಜಿಗೆ ಸ್ವಂತ ರೆಪಾಸಿಟರಿ ಇಲ್ಲ. ಯುರೋಪಿನ ಕಣ ಭೌತಶಾಸ್ತ್ರ ಸಂಶೋಧನಾ ಕೇಂದ್ರ ಸರ್ನ್ 2013ರಿಂದ ನಡೆಸುತ್ತಿರುವ ಝೆನೋಡೋ ರೆಪಾಸಿಟರಿಯಲ್ಲಿ ಯಾರು ಬೇಕಾದರೂ ಉಚಿತವಾಗಿ ಇಡಬಹುದು. ಫೈಲ್ ಹಾಕಿ, ಎಂಬಾರ್ಗೋ (ಆ 12 ತಿಂಗಳ ಕಾಯುವ ಅವಧಿ) ಮುಗಿಯುವ ದಿನಾಂಕ ತುಂಬಿ, ಮೂಲ ಲೇಖನದ ಡಿಒಐ, ಅಂದರೆ ಅದರ ಶಾಶ್ವತ ಗುರುತು ಸಂಖ್ಯೆ, ಕೊಟ್ಟೆವು. ಆ ದಿನ ಬಂದಾಗ ಫೈಲ್ ತಾನಾಗಿಯೇ ತೆರೆದುಕೊಂಡಿತು. ಲಿಂಕನ್ನು ಆ ಹುಡುಗನಿಗೆ ಕಳಿಸಿದೆ.

ಇಂಗ್ಲಿಷ್ ಪೇಪರ್ ಸಿಕ್ಕಿದರೂ ಊರಿನವರಿಗೆ ಏನು ಪ್ರಯೋಜನ ಎಂದು ಸರ್ ಕೇಳಿದರು. ಕನ್ನಡಕ್ಕೆ ತರುವ ಪ್ರಶ್ನೆ ಬಂದಾಗಲೇ ಲೈಸೆನ್ಸ್, ಅಂದರೆ ಲೇಖನವನ್ನು ಬೇರೆಯವರು ಹೇಗೆ ಬಳಸಬಹುದು ಎಂಬ ಷರತ್ತು, ಎಷ್ಟು ಮುಖ್ಯ ಎಂದು ಕಾಣುವುದು. ಕಾಪಿರೈಟ್ ಬರೆದುಕೊಟ್ಟ ಮೇಲೆ ಪೂರ್ತಿ ಲೇಖನವನ್ನು ಅನುವಾದಿಸಿ ಹಂಚಲು ಪ್ರಕಾಶಕರ ಅನುಮತಿ ಬೇಕು. ಓಪನ್ ಆ್ಯಕ್ಸೆಸ್ ಆಯ್ದುಕೊಂಡವರು ಕೂಡ ಹೆಚ್ಚು ಭದ್ರ ಎಂದುಕೊಂಡು ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬೈ-ಎನ್‌ಸಿ-ಎನ್‌ಡಿ ಲೈಸೆನ್ಸ್‌ಗೆ ಟಿಕ್ ಹಾಕುತ್ತಾರೆ. ಆ ಎನ್‌ಡಿ (ಬದಲಿಸಿ ಹಂಚಬಾರದು ಎಂಬ ಷರತ್ತು) ಇದ್ದರೆ ಅನುವಾದವನ್ನು ಹಂಚುವಂತಿಲ್ಲ. ಸಿಸಿ ಬೈ ಇದ್ದರೆ ಮೂಲ ಲೇಖಕರ ಹೆಸರು ಹಾಕಿ, ಅನುವಾದ ಎಂದು ತಿಳಿಸಿ, ಯಾರನ್ನೂ ಕೇಳದೆ ಹಂಚಬಹುದು. ಕನ್ನಡದಲ್ಲಿ ಓದುವ ಜನರ ಬಗ್ಗೆ ಸಂಶೋಧನೆ ಮಾಡುವವರು ಸಿಸಿ ಬೈ ಬಿಟ್ಟು ಬೇರೆ ಆರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಅಳತೆಗಳು, ಅಂಕಿಗಳು, ಕಂಡುಕೊಂಡ ಸತ್ಯ ಇವುಗಳ ಮೇಲೆ ಯಾರ ಕಾಪಿರೈಟೂ ಇಲ್ಲ. ಹಾಗಾಗಿ ಸರ್ ತಮ್ಮದೇ ಮಾತಿನಲ್ಲಿ ಎರಡು ಪುಟದ ಕನ್ನಡ ಬರಹ ಮಾಡಿಕೊಟ್ಟರು. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಿತಿಯನ್ನು ಮೇಲೆ ಬರೆದು, ಕೆಳಗೆ ಒಂದೊಂದು ಬೋರ್‌ವೆಲ್‌ನ ಅಂಕಿ ಕೊಟ್ಟರು. ಅದು ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡ್‌ಗೆ ಹೋಯಿತು.

ಈಗ ಅಧ್ಯಾಪಕರು ಪೇಪರ್ ಕಳಿಸುವ ಮೊದಲು ಜರ್ನಲ್ ಹೆಸರು, ಕರೆಸ್ಪಾಂಡಿಂಗ್ ಆಥರ್ ಹೆಸರು ಎರಡನ್ನು ನನಗೆ ವಾಟ್ಸಾಪ್ ಮಾಡುತ್ತಾರೆ. ಓಪನ್ ಆ್ಯಕ್ಸೆಸ್ ಜರ್ನಲ್‌ಗಳ ಪಟ್ಟಿಯಾದ ಡಿಒಎಜೆಯಲ್ಲಿ ಇದೆಯೇ, ಶುಲ್ಕ ಎಷ್ಟು, ಹಸ್ತಪ್ರತಿಗೆ ಎಷ್ಟು ತಿಂಗಳು ಕಾಯಬೇಕು ಎಂದು ನೋಡಿ ಹೇಳುತ್ತೇನೆ. ಯುಜಿಸಿ 2025ರಲ್ಲಿ ತಾನು ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ಕೈಬಿಟ್ಟ ಮೇಲೆ ದುಡ್ಡಿಗಾಗಿಯೇ ಇರುವ ಜರ್ನಲ್‌ಗಳಿಂದ ದೂರ ಇರಿಸುವ ಕೆಲಸವೂ ನಮ್ಮ ಮೇಲೆಯೇ ಬಿದ್ದಿದೆ.

ಒಎನ್‌ಒಎಸ್‌ನ ಈಗಿನ ಅವಧಿ 2027ಕ್ಕೆ ಮುಗಿಯುತ್ತದೆ. ಮುಂದಿನ ಮಾತುಕತೆಯಲ್ಲಿ ಎರಡು ವಿಷಯ ಸೇರಲೇಬೇಕು. ಚಂದಾ ಕಟ್ಟಿದ ಜರ್ನಲ್‌ಗಳಲ್ಲಿ ಭಾರತದ ಲೇಖಕರು ಬೇರೆ ಶುಲ್ಕವಿಲ್ಲದೆ ಮುಕ್ತವಾಗಿ ಪ್ರಕಟಿಸುವಂತಾಗಬೇಕು. ಅಷ್ಟು ಆಗದಿದ್ದರೆ, ಸ್ವೀಕಾರವಾದ ಹಸ್ತಪ್ರತಿಯನ್ನು ಅದೇ ದಿನ ರೆಪಾಸಿಟರಿಯಲ್ಲಿ ಇಡುವ ಹಕ್ಕಾದರೂ ಬರಹದಲ್ಲಿ ಇರಬೇಕು. ಇದಕ್ಕೆ ಸರ್ಕಾರಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಈ ಎರಡನ್ನೂ ಬರೆದು, ಪ್ರಾಂಶುಪಾಲರ ಸಹಿಯೊಂದಿಗೆ ಇಲಾಖೆಗೆ ಕಳಿಸಲು ಪತ್ರ ಸಿದ್ಧಮಾಡಿದ್ದೇನೆ. ಜಿಲ್ಲೆಯ ಬೇರೆ ಕಾಲೇಜುಗಳ ಗ್ರಂಥಪಾಲಕರು ಕೇಳಿದರೆ ಅದರ ಪ್ರತಿ ಕೊಡುತ್ತೇನೆ.